ಖಾಲಿ ಕಳಿಸಬಾರದ ಟ್ಯಾಂಕು

ಕೋಮಲಾಳ ಅಂತರಸನಹಳ್ಳಿ ವರ್ಕ್‌ಶಾಪಿನಲ್ಲಿ ತಯಾರಾದ ಆ ಸ್ಟೀಲ್ ಟ್ಯಾಂಕು ಐದು ಸಾವಿರ ಲೀಟರಿನದು. ಹುಟ್ಟಿದ್ದೇ ಕೊಳಚೆ ನೀರು ಹೊರುವುದಕ್ಕೆ. ಗುಬ್ಬಿಯ ಹುಡುಗಿಯರ ಹಾಸ್ಟೆಲ್ಲಿಗೆಂದು ಮಾಡಿಟ್ಟಿದ್ದಳು. ಅಷ್ಟರಲ್ಲಿ ಕುಣಿಗಲ್ಲಿನ ಬಡಾವಣೆಯೊಂದಕ್ಕೆ ಅವಳೇ ಹಾಕಿಕೊಟ್ಟಿದ್ದ ಟ್ಯಾಂಕಿನ ಬೆಸುಗೆ ಬಿಟ್ಟುಕೊಂಡಿತು. ರಿಪೇರಿ ಆಗುವವರೆಗೆ ಇರಲಿ ಅಂತ ಇದನ್ನು ಅಲ್ಲಿಗೆ ಎರವಲು ಕೊಟ್ಟಳು. ಒಳ್ಳೆಯತನ ಕೆಲವರಿಗೆ ಅಂಟಿದ ಜಾಡ್ಯ.

ರಿಪೇರಿ ಮುಗಿದ ದಿನ ಬೆಳಿಗ್ಗೆ ಒಂಬತ್ತಕ್ಕೇ ಲಾರಿ, ಕ್ರೇನು, ವೆಲ್ಡರ್ ಭೀಮರಾಜನ ಸಮೇತ ಅವಳು ಕುಣಿಗಲ್ಲಿಗೆ ಬಂದಳು. ಸಂಜೆ ನಾಲ್ಕರೊಳಗೆ ಹಾಸ್ಟೆಲ್ಲಿನ ಕೊಳಚೆ ಈ ಟ್ಯಾಂಕಿಗೆ ಬೀಳುವುದನ್ನು ಅಧಿಕಾರಿ ಕಣ್ಣಾರೆ ಕಂಡು ಸಹಿ ಹಾಕಬೇಕು. ಇಲ್ಲದಿದ್ದರೆ ಉಳಿದ ಹನ್ನೊಂದು ಹಾಸ್ಟೆಲ್ಲುಗಳ ಆರ್ಡರು ಕೈತಪ್ಪಿ ವರ್ಕ್‌ಶಾಪಿಗೆ ಬೀಗ ಬೀಳುತ್ತದೆ.

ಟ್ಯಾಂಕು ಲಾರಿಗೇರಿತು. ಲಾರಿಯ ಮುಂದೆ ಗಿರಿಯಮ್ಮ ಬಂದು ನಿಂತಳು. ಬಡಾವಣೆಯ ಮಹಿಳಾ ಸಂಘದ ಅಧ್ಯಕ್ಷೆ. ಆಕೆ ಗದರಿದರೆ ಬೀದಿನಾಯಿಗಳೂ ಬಾಲ ಮುದುರುತ್ತವೆ.

“ಇಸ್ಕೊಂಡ ಪಾತ್ರೆನ ಖಾಲಿ ಹೆಂಗವ್ವ ವಾಪಸ್ ಕಳ್ಸೋದು? ಒಳ್ಳೇದಾಗಲ್ಲ.”

“ಅಮ್ಮಾ, ಇದು ಪಾತ್ರೆ ಅಲ್ಲ. ಸಂಡಾಸಿನ ಟ್ಯಾಂಕು.”

“ಸ್ಟೀಲ್ ತಾನೆ? ಹುಣಸೆಹಣ್ಣು ಹಾಕಿ ಉಜ್ಜಿದೀವಿ ಬುಡು.”

“ಹಂಗಾದ್ರೆ ಒಂದು ಹಿಡಿ ಸಕ್ಕರೆ ಹಾಕಿ, ಹೊರಡ್ತೀವಿ.”

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅಳತೆ–ತೂಕದ ಇಲಾಖೆಯಿಂದ ನಿವೃತ್ತನಾಗಿದ್ದ ತಿಪ್ಪಯ್ಯ ಅಲ್ಲೇ ಇದ್ದ. “ಒಂದು ಲೀಟರ್ ಚೊಂಬಿಗೆ ಒಂದು ಹಿಡಿ. ಐದು ಸಾವಿರ ಲೀಟರ್‌ಗೆ? ಬಡಾವಣೆ ಮರ್ಯಾದೆ ಪ್ರಶ್ನೆ ಕಣಮ್ಮ,” ಅಂದ.

ಏಣಿ ಬಂತು. ಅಂಗಡಿಗಳಿಂದ ಮೂಟೆಗಳು ಬಂದವು. ಹೆಂಗಸರು, ಗಂಡಸರು ಸಾಲಾಗಿ ಹತ್ತಿ ಟ್ಯಾಂಕಿನ ಬಾಯಿಗೆ ಒಂದೊಂದು ಹಿಡಿ ಸುರಿದು ಇಳಿದರು. ಎರಡು ಸಾವಿರದ ಹತ್ತಿರ ಯಾರೋ ಸೀನಿದರು, ಎಣಿಕೆ ತಪ್ಪಿತು. ತಿಪ್ಪಯ್ಯ ಮತ್ತೆ ಒಂದರಿಂದ ಶುರು ಮಾಡಿದ. ಕೋಮಲಾ ಬೇಡಿದಳು, ಬೈದಳು, ಕೊನೆಗೆ ತಾನೇ ಸಾಲಿನಲ್ಲಿ ನಿಂತು ಹಿಡಿಗಟ್ಟಲೆ ಸುರಿದಳು. ಮುಗಿದಾಗ ಮಧ್ಯಾಹ್ನ ಒಂದೂವರೆ. ಗಿರಿಯಮ್ಮ ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಕಣ್ಣೊರೆಸಿಕೊಂಡಳು.

ತುಮಕೂರು ದಾಟುವಾಗ ಭೀಮರಾಜ, “ಅಕ್ಕಾ, ಇಲ್ಲೇ ಎಲ್ಲಾದ್ರೂ ಸುರಿದ್ಬಿಡಣ,” ಅಂದ.

“ತಿನ್ನೋ ಪದಾರ್ಥನ ರೋಡಿಗೆ ಸುರೀತೀಯೇನ್ಲಾ?” ಅಂದಳು ಕೋಮಲಾ. ಅಂದಮೇಲೆ ಅವಳಿಗೇ ಹೊಳೆಯಿತು. ರೋಡಿಗೇ ಸುರಿಯಲಾಗದವಳು ಅದೇ ಸಕ್ಕರೆಯ ಮೇಲೆ ಏನು ಬಿಡಲು ಹೊರಟಿದ್ದಾಳೆ?

ಗುಬ್ಬಿಯಲ್ಲಿ ಟ್ಯಾಂಕು ಇಳಿಸಿ, ಪೈಪು ಜೋಡಿಸುವ ಹೊತ್ತಿಗೆ ಮೂರೂ ಮುಕ್ಕಾಲು. ಅಧಿಕಾರಿ ಲಕ್ಷ್ಮೀನರಸಿಂಹಯ್ಯ ಮುಚ್ಚಳ ಎತ್ತಿ ಇಣುಕಿದ.

“ಇದೇನ್ರೀ ಬೆಳ್ಳಗೆ?”

“ಸಕ್ಕರೆ ಸಾರ್. ಎರವಲು ಕೊಟ್ಟಿದ್ವಿ. ಖಾಲಿ ವಾಪಸ್ ಕೊಡ್ಲಿಲ್ಲ.”

ಬೈಯುತ್ತಾನೆಂದುಕೊಂಡರೆ ಆತ ತಲೆದೂಗಿದ. “ಹೆಂಗೆ ಕೊಡ್ತಾರೆ ಖಾಲೀನ? ಸರಿಯಾಗೇ ಇದೆ. ಎಲ್ಲಿ, ಕೊಳಚೆ ಬಿಡ್ಸಿ. ಬರೀ ನೀರು ಬಿಟ್ರೆ ಲೆಕ್ಕಕ್ಕಿಲ್ಲ.”

ಸುದ್ದಿ ಅಷ್ಟು ಹೊತ್ತಿಗೆ ಹಾಸ್ಟೆಲ್ ತುಂಬಾ ಹಬ್ಬಿತ್ತು. ಇನ್ನೂರು ಹುಡುಗಿಯರು ವರಾಂಡದಲ್ಲಿ ಕಾಲು ಮೇಲೆ ಕಾಲು ತಿರುಚಿ ನಿಂತಿದ್ದರು. ಒಬ್ಬಳೂ ಬಾತ್‌ರೂಮಿನ ಕಡೆ ಹೆಜ್ಜೆ ಇಡಲಿಲ್ಲ. ವಾರ್ಡನ್ ನೇತ್ರಾವತಿ ಕೈ ಮುಗಿದಳು. “ಯಾರೋ ತಾಯಂದ್ರು ಪ್ರೀತಿಯಿಂದ ಕೊಟ್ಟ ಸಕ್ಕರೆ. ಅದರ ಮೇಲೆ ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಂ?”

ನಾಲ್ಕಕ್ಕೆ ಆರು ನಿಮಿಷ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕತೊಡಗಿದ. ಭೀಮರಾಜ ಗೋಡೆ ನೋಡುತ್ತ ನಿಂತ. ಕಳೆದ ತಿಂಗಳಷ್ಟೇ ಅವನಿಗೆ ಅವಳಿ ಮಕ್ಕಳಾಗಿದ್ದವು.

ಕೋಮಲಾ ಯಾರ ಮುಖವನ್ನೂ ನೋಡಲಿಲ್ಲ. ನೇರ ಮೊದಲನೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಕುಣಿಗಲ್ಲು ಯಾವ ದಿಕ್ಕಿಗೆ ಅಂತ ಅಂದಾಜು ಮಾಡಿ ಆ ಕಡೆಗೆ ಕೈ ಮುಗಿದಳು. ಲಾರಿ ಹತ್ತಿದ ಹೆಣ್ಣಿಗೆ ಬೆಳಿಗ್ಗೆಯಿಂದ ಎಲ್ಲೂ ಜಾಗ ಸಿಕ್ಕಿರಲಿಲ್ಲ, ಹಾಗಾಗಿ ತಡವೇನೂ ಆಗಲಿಲ್ಲ. ವರ್ಕ್‌ಶಾಪನ್ನೇ ನಂಬಿದ್ದ ಎಂಟು ಕೆಲಸಗಾರರ ಮನೆಗಳ ಒಲೆ ನೆನೆದು, ಅಳುತ್ತಲೇ ಫ್ಲಶ್ ಒತ್ತಿದಳು.

ಪೈಪು ಗೊಳಗೊಳ ಎಂದಿತು.

“ಬಂತು! ಬಂತು!” ಅಂತ ಲಕ್ಷ್ಮೀನರಸಿಂಹಯ್ಯ ಕೂಗಿದ. ಇಡೀ ಹಾಸ್ಟೆಲ್ಲು ಚಪ್ಪಾಳೆ ತಟ್ಟಿತು. ಭೀಮರಾಜ ಓಡಿ ಬಂದು ಬಾಗಿಲು ಬಡಿದ. “ಅಕ್ಕಾ, ಸಹಿ ಆಯ್ತು! ಹನ್ನೊಂದೂ ನಮ್ದೇ! ಬಾ ಆಚೆಗೆ!”

ಕೋಮಲಾ ಚಿಲಕ ತೆಗೆಯಲಿಲ್ಲ.