ರಾಚಯ್ಯನವರ ಪೇಟಿ

ನಾನು ಒಂದು ಪೇಟಿ. ಪಟ್ಟಣದವರು ಹಾರ್ಮೋನಿಯಂ ಅನ್ನುತ್ತಾರೆ. ಅನ್ನಲಿ, ನನಗೇನೂ ಬೇಜಾರಿಲ್ಲ. ಗದಗಿನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ದಾದಾಸಾಹೇಬರು ನನ್ನನ್ನು ಸಾಗುವಾನಿ ಹಲಗೆಯಲ್ಲಿ ಕಟ್ಟಿದರು. ಕಣವಿಹಾಳದ ರಾಚಯ್ಯನವರು ಹೆಗಲ ಮೇಲೆ ಹೊತ್ತು ಊರಿಗೆ ತಂದು, ಮುಚ್ಚಳದ ಮೇಲೆ ಮೊಳೆಯಿಂದ ತಮ್ಮ ಹೆಸರು ಕೊರೆದರು. ನೋವಾಯಿತು ನಿಜ, ಹೆಮ್ಮೆಯೂ ಆಯಿತು.

ಊರ ಭಜನೆಯಲ್ಲಿ ನನಗೆ ವಿಭೂತಿ ಹಚ್ಚದೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ಹಾಳು ಇಲಿಯೊಂದು ಒಳಹೊಕ್ಕು, ಬೆರಳಿಡುವ ಮನೆಗಳಲ್ಲಿ ಒಂದು ಕಪ್ಪು ಮನೆ ಮೂಕಾಯಿತು.

"ಇರಲಿ ಬಿಡ್ರಿ, ಅಲ್ಲೊಂದಿಷ್ಟು ಸುಮ್ನಿದ್ರಾತು" ಎಂದರು ರಾಚಯ್ಯನವರು.

ಮಂಗಳದ ಪದದಲ್ಲಿ ಆ ಸ್ವರ ಬಂದಾಗ ಅವರು ಬೆರಳೆತ್ತಿ, ಒಂದು ಉಸಿರು ತಡೆದು ಮುಂದಕ್ಕೆ ದಾಟುತ್ತಿದ್ದರು. ಊರಿಗೆ ಊರೇ ಹಾಗೆ ಕಲಿಯಿತು. ತೊಟ್ಟಿಲು ತೂಗುವ ಹೆಂಗಸರೂ ಅಲ್ಲಿ ತಡೆದೇ ಹಾಡುತ್ತಿದ್ದರು.

ರಾಚಯ್ಯನವರು ಲಿಂಗೈಕ್ಯರಾದ ಮೇಲೆ ಮಗಳು ಗುರುಬಸವ್ವ ನನ್ನ ಮುಂದೆ ಕೂತಳು. ಅವಳಿಗೆ ನಾನೆಂದರೆ ಜೀವ. ಗಾಳಿಯೂದುವ ತಿದಿ ಹರಿದಾಗ ಗದಗಿನ ಅದೇ ಅಂಗಡಿಗೆ ಒಯ್ದು ಹೊಸದು ಹಾಕಿಸಿದಳು. ಮನೆಗಳು ಸವೆದವು, ಬದಲಾದವು. ಒಳಗೆ ದನಿ ಹೊರಡಿಸುವ ಹಿತ್ತಾಳೆ ಸ್ವರಪಟ್ಟಿಗಳೂ ಬದಲಾಗಿ, ಮೂಕ ಮನೆಗೆ ಮಾತು ಬಂತು. ಆದರೂ ಮಂಗಳದಲ್ಲಿ ಅವಳು ಅದನ್ನು ಮುಟ್ಟಲಿಲ್ಲ. ಕೊನೆಗೆ ಬಸ್ಸಿನ ಮೇಲಿಂದ ಬಿದ್ದು ನನ್ನ ಪೆಟ್ಟಿಗೆಯೇ ಸೀಳಿತು. ಅದೂ ಹೊಸದಾಯಿತು, ಹೆಸರು ಕೊರೆದ ಮುಚ್ಚಳ ಅಂಗಡಿಯಲ್ಲೇ ಉಳಿಯಿತು. "ಅಪ್ಪಾರ ಪೇಟಿ ಹುಷಾರಾತು" ಎಂದು ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದಳು.

ದಾದಾಸಾಹೇಬರಿಗೆ ಹಳೆಯದನ್ನು ಎಸೆಯುವ ಮನಸ್ಸಿರಲಿಲ್ಲ. ನನ್ನಿಂದ ತೆಗೆದದ್ದನ್ನೆಲ್ಲ ಅಂಟಿಸಿ, ತೇಪೆ ಹಾಕಿ, ಮೂಕ ಮನೆಗೆ ಮಾತ್ರ ಹೊಸ ಸ್ವರಪಟ್ಟಿ ಕೂಡಿಸಿ ಇನ್ನೊಂದು ಪೇಟಿ ಕಟ್ಟಿದರು. ಸಣ್ಣವನಿದ್ದಾಗಲೇ ಊರು ಬಿಟ್ಟು, ಗದಗಿನಲ್ಲೇ ಬೆಳೆದು ಕಂಡಕ್ಟರ್ ಆಗಿದ್ದ ಗುರುಬಸವ್ವನ ತಮ್ಮ ಪಂಚಯ್ಯ, ಅಪ್ಪನ ಹೆಸರು ಕಂಡು ಅದನ್ನು ಕೊಂಡ. ಶ್ರಾವಣದ ಮೊದಲ ಸೋಮವಾರ ಭಜನೆಯ ಕಟ್ಟೆಗೇ ತಂದಿಟ್ಟ.

"ಅಕ್ಕಾ, ಅಪ್ಪಾರು ಮುಟ್ಟಿದ ಕಟಗಿ ಇದು. ನಿನ್ನದ್ರಾಗ ಅವರದು ಏನೈತಿ ಹೇಳು?"

ಗುರುಬಸವ್ವ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ತಿದಿಯೊಳಗಿನ ಗಾಳಿಯೇ ಹೋದಂತಾಯಿತು. ರಾಚಯ್ಯನವರ ಪೇಟಿ ಯಾರದೋ ಅವರೇ ಭಜನೆಗೆ ಮುಂದೆ ಕೂರಬೇಕು, ಅದು ಊರ ಕಟ್ಟಳೆ. ಹದಿನೆಂಟು ವರ್ಷ ಕೂತ ಜಾಗ ಅವಳಿಗೆ ತಪ್ಪುವುದರಲ್ಲಿತ್ತು. ಅವನು ಹೇಳಿದ್ದು ಸುಳ್ಳೂ ಅಲ್ಲ. ಎದುರಿನ ಪೇಟಿಯ ಮನೆಗಳಲ್ಲಿ ರಾಚಯ್ಯನವರ ಬೆರಳು ಕೂತ ತಗ್ಗುಗಳಿದ್ದವು. ನನ್ನಲ್ಲಿ ಒಂದೂ ಇರಲಿಲ್ಲ. ಹೊಟ್ಟೆ ಉರಿಯಿತು.

ಭಜನೆಯ ಹಿರಿಯ ಬಸಲಿಂಗಜ್ಜ ಕೆಮ್ಮಿ ಹೇಳಿದ: "ಇಬ್ರೂ ಮಂಗಳ ಬಾರಿಸ್ರಿ. ಊರ ಬಾಯಿಗೆ ಯಾವ್ದು ಹೊಂದತೈತಿ ನೋಡೂಣು."

ಪಂಚಯ್ಯ ಮೊದಲು ಬಾರಿಸಿದ. ಕೈ ಚಲೋ ಇತ್ತು, ಆದರೆ ಗದಗಿನಲ್ಲಿ ಕಲಿತ ಕೈ. ಆ ಜಾಗ ಬಂದಾಗ ಊರೆಲ್ಲ ಗಪ್ಪಾಯಿತು. ಅವನ ಕಪ್ಪು ಮನೆಯೊಂದೇ ಗಟ್ಟಿಯಾಗಿ ಕೂಗಿತು. ಅವನು ಬೆಚ್ಚಿ ತಾಳ ತಪ್ಪಿದ. ಆಮೇಲೆ ಗುರುಬಸವ್ವ ನನ್ನ ಮೇಲೆ ಕೈಯಿಟ್ಟಳು. ಆ ಜಾಗ ಬಂದಾಗ ಅವಳ ಬೆರಳು ಎದ್ದಿತು, ಊರು ಉಸಿರು ತಡೆಯಿತು, ಎಲ್ಲರೂ ಒಟ್ಟಿಗೆ ಆಚೆ ದಾಟಿದೆವು.

"ಇದ ರಾಚಯ್ಯನ ಪೇಟಿ" ಎಂದು ಅಜ್ಜ ನನಗೆ ವಿಭೂತಿ ಹಚ್ಚಿದ.

ಪಂಚಯ್ಯ ಹಳೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಅಪ್ಪನ ಹೆಸರಿನ ಮೇಲೆ ಕೈಯಿಟ್ಟುಕೊಂಡು ಕೂತ. ಅವನ ಕಣ್ಣು ತುಂಬಿತ್ತು. ಗೆದ್ದ ನನಗೂ ಆಗ ಕರುಳು ಚುರ್ ಅಂದಿತು. ಗುರುಬಸವ್ವ ನನ್ನನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು.

"ಬಾರೋ ತಮ್ಮಾ, ನಿಂದೂ ಬಾಜೂಕ ಇಡು. ಆ ಕರೇ ಮನಿ ಬಂದಾಗ ಕೈ ಎತ್ತು. ಅಪ್ಪಾರು ಅಲ್ಲೇ ಸುಮ್ನಿರತಿದ್ರು."

ಅದಾಗಿ ಎಷ್ಟೋ ಶ್ರಾವಣ ಕಳೆದವು. ನನ್ನ ತಿದಿ ಮತ್ತೆ ಹರಿಯುತ್ತಿದೆ, ಬದಲಿಸುತ್ತಾರೆ. ಬದಲಿಸಲಿ, ಈಗ ಅಂಜಿಕೆಯಿಲ್ಲ. ಆದರೆ ಆ ಸೋಮವಾರವನ್ನು ಮರೆಯಲಾರೆ. ಇಬ್ಬರೂ ಕೂಡಿ ಬಾರಿಸಿದ ಮಂಗಳದಲ್ಲಿ ಆ ಜಾಗ ಬಂದಾಗ ಅಕ್ಕನ ಬೆರಳು ಎದ್ದಿತು, ತಮ್ಮನ ಬೆರಳೂ ಎದ್ದಿತು. ಅವರಪ್ಪ ಸುಮ್ಮನಿರುತ್ತಿದ್ದ ಅಷ್ಟೇ ಹೊತ್ತು ನಾವಿಬ್ಬರೂ ಸುಮ್ಮನಿದ್ದೆವು.