ನೋಡದ ಮುಖ

ಅವಳು ಹುಟ್ಟಿದ್ದು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆಯ ಗೇಟು ಕಣ್ಣಿಗೆ ಬೀಳುವ ಮೊದಲೇ. ಅದಕ್ಕೇ ಸೋದರಮಾವ ಅವಳನ್ನು ‘ಅವಸರಿ’ ಎಂದೇ ಕರೆಯುತ್ತಿದ್ದ. ಆ ಅವಸರಿ ಈಗ ಸ್ಕ್ಯಾನಿಂಗ್ ಕಲಿಯುತ್ತಿದ್ದಳು. ಕಲಿಸುವ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು: “ಏನೇ ಕಂಡ್ರೂ ಮುಖದಲ್ಲಿ ತೋರಿಸ್ಕೋಬೇಡ. ಹೇಳೋದು ಡಾಕ್ಟ್ರ ಕೆಲಸ.”

ಅಭ್ಯಾಸಕ್ಕೆ ಮನೆಯವರನ್ನು ಕರೆತರಬಹುದು ಎಂದಾಗ ಅಮ್ಮ ತಾನೇ ಹೊರಟು ನಿಂತಳು. ಹೊಟ್ಟೆ ತುಂಬ ನೀರು ಕುಡಿದು ಮಲಗಿ, “ಬೇಗ ಮುಗ್ಸೇ, ಇಲ್ದಿದ್ರೆ ನಿನ್ನ ಮಷೀನೇ ತೇಲಿ ಹೋಗತ್ತೆ,” ಎಂದು ಎಲ್ಲರನ್ನೂ ನಗಿಸಿದಳು.

ಹೊಕ್ಕುಳ ಕೆಳಗೊಂದು ಹಳೆಯ ಗಾಯದ ಗೆರೆ; ಅಪೆಂಡಿಕ್ಸ್ ಆಪರೇಷನ್ನಿನದು ಎಂದು ಅಮ್ಮ ಹೇಳುತ್ತಿದ್ದಳು. ಅದರ ಮೇಲೆ ಜೆಲ್ ಸವರಿ ಅವಳು ಮಷೀನಿನ ಪ್ರೋಬ್ ಇಟ್ಟಳು. ಬೂದು ಮಬ್ಬಿನಲ್ಲಿ ಗರ್ಭಕೋಶ ಮೂಡಿತು. ಅದರ ಮುಂಗೋಡೆಯಲ್ಲಿ ಸಣ್ಣದೊಂದು ಕಚ್ಚು.

ಮೇಡಂ ಬಗ್ಗಿ ನೋಡಿದರು. “ಸಿಸೇರಿಯನ್ ಹೊಲಿಗೆ ಗುರುತು. ಇಷ್ಟು ಸ್ಪಷ್ಟವಾಗಿ ಸಿಗೋದು ಅಪರೂಪ. ನೀನು ಹುಟ್ಟಿದಾಗಿಂದು,” ಎಂದು ಪಕ್ಕದ ಮಂಚದತ್ತ ಹೋದರು.

ಕಾರಿನ ಸೀಟಿನಲ್ಲಿ ಹುಟ್ಟಿದವಳ ಕೈ ನಿಂತಿತು. ಅಮ್ಮ ಪರದೆಯ ಕಡೆ ತಿರುಗಿರಲೇ ಇಲ್ಲ. ಮಗಳ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಬಾಯಿಬಿಟ್ಟಳು.

“ನಿನಗಿಂತ ಮುಂಚೆ ಒಬ್ಬ ಇದ್ದ ಕಣೇ. ದಿನ ತುಂಬಿತ್ತು. ಹೊಟ್ಟೆ ಕುಯ್ದು ತೆಗೆದ್ರು. ಅಳ್ಲಿಲ್ಲ.”

“ಹೇಗಿದ್ದ?”

“ಯಾರಿಗ್ಗೊತ್ತು? ತೋರಿಸ್ಬೇಡಿ ಅಂದ್ರು ನಿನ್ನಜ್ಜಿ, ನೋಡಿದ್ರೆ ಮರೆಯೋಕಾಗಲ್ವಂತೆ. ನಿಮ್ಮಪ್ಪ ಬಟ್ಟೇಲಿ ಸುತ್ಕೊಂಡು ಹೋದ್ರು, ಬರಿಗೈಲಿ ಬಂದ್ರು. ಎಲ್ಲಿ ಅಂತ ನಾನು ಕೇಳ್ಲಿಲ್ಲ. ಅವರೂ ಹೇಳ್ದೆ ಕಣ್ಮುಚ್ಚಿದ್ರು. ಮುಖ ಗೊತ್ತಿಲ್ಲ ನೋಡು, ಆ ವಯಸ್ಸಿನ ಯಾವ ಹುಡುಗ ಎದುರಾದ್ರೂ ಇವನೇನಾ ಅನ್ಸತ್ತೆ.”

ಸಂಜೆ ಬಾಗಿಲು ಹಾಕುವಾಗ ಅಮ್ಮ ಅಗುಳಿ ಹಿಡಿದು ಒಂದು ಗಳಿಗೆ ಬೀದಿ ನೋಡುತ್ತ ನಿಲ್ಲುತ್ತಿದ್ದುದು ಏಕೆಂದು ಅವಳಿಗೆ ಅಂದು ತಿಳಿಯಿತು. ಅಂದಿನಿಂದ ಅವಳೂ ನಿಂತಳು. ಮನೆಯಲ್ಲಿ ಇನ್ನೊಬ್ಬರ ಉಸಿರಿದ್ದಂತೆ ಭಾಸವಾಗುತ್ತಿತ್ತು. ಸ್ಕ್ಯಾನ್ ಕೋಣೆಯ ದೀಪ ಮಂಕಾಗಿಸಿದರೆ, ಪರದೆಯ ಮೇಲಿನ ಪ್ರತಿ ಮಗುವೂ ತನ್ನಿಂದ ಮುಖ ತಿರುಗಿಸಿಕೊಳ್ಳುವಂತೆ ಕಾಣುತ್ತಿತ್ತು. ಹುಟ್ಟಿದಂದಿನಿಂದ ಯಾರನ್ನೂ ಕರೆಯದ ‘ಅಣ್ಣ’ ಎಂಬ ಮಾತನ್ನು ಒಬ್ಬಳೇ ಇದ್ದಾಗ ಹೇಳಿ ನೋಡುತ್ತಿದ್ದಳು.

ಹಾಗಿರುವಾಗ ಒಬ್ಬ ತುಂಬು ಗರ್ಭಿಣಿ ಬಂದಳು. ಮಗುವಿನ ಎದೆ ಬಡಿಯುತ್ತಿರಲಿಲ್ಲ. ಮೇಡಂ ಡಾಕ್ಟರನ್ನು ಕರೆಸಿದರು. ಡಾಕ್ಟರ್ ಮೆಲ್ಲಗೆ ವಿಷಯ ತಿಳಿಸಿದರು. ಹೆಂಗಸು ಅಳಲಿಲ್ಲ, ಗೋಡೆಯ ಕಡೆ ತಿರುಗಿಕೊಂಡಳು. ಜೊತೆಗೆ ಬಂದಿದ್ದ ಅತ್ತೆ, “ಅದನ್ನ ಆರಿಸ್ಬಿಡಮ್ಮ. ಅವಳು ನೋಡೋದು ಬೇಡ,” ಎಂದರು.

ಅವಸರಿಯ ಕೈ ಗುಂಡಿಯವರೆಗೆ ಹೋಯಿತು, ಒತ್ತಲಿಲ್ಲ. ಹೆಂಗಸಿನ ಕಿವಿಯ ಬಳಿ ಬಗ್ಗಿದಳು. “ಅಕ್ಕ, ನೀವು ನೋಡ್ತೀರಾ? ಬೇಡ ಅಂದ್ರೆ ಬೇಡ.”

ಮೇಡಂ ದುರುಗುಟ್ಟಿ ನೋಡಿದರು. ಡಾಕ್ಟರ್ ತಡೆಯಲಿಲ್ಲ. ಹೆಂಗಸು ನಿಧಾನವಾಗಿ ಹೂಂ ಎಂದು ತಲೆಯಾಡಿಸಿದಳು.

ಅವಸರಿ ಪ್ರೋಬನ್ನು ಕೂದಲೆಳೆಯಷ್ಟೇ ಓರೆ ಮಾಡುತ್ತ ಹುಡುಕಿದಳು. ಹಣೆ ಬಂತು, ಮೂಗು ಬಂತು, ಮುಚ್ಚಿದ ತುಟಿ ಬಂತು. ಪರದೆಯನ್ನು ಆಕೆಯತ್ತ ತಿರುಗಿಸಿದಳು.

“ಮೂಗು ನಮ್ಮಪ್ಪಂದು,” ಎಂದ ಹೆಂಗಸು ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹತ್ತಿರ ಬಂದು, ತಾವೂ ಇಣುಕಿದರು.

ಹೊರಗೆ ಮೇಡಂ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. “ಇನ್ನೊಂದ್ಸಲ ನನ್ನ ಕೇಳ್ದೆ ಬಾಯಿ ಬಿಟ್ಟೆಯೋ, ಮನೇಲೇ ಇರು.” ಎರಡು ಹೆಜ್ಜೆ ನಡೆದು, ತಿರುಗದೆಯೇ ಅಂದರು: “ಮುಖ ಚೆನ್ನಾಗಿ ಹಿಡಿದೆ.”

ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಅಮ್ಮ ಒಲೆ ಆರಿಸಿ ಬಂದು ಎದುರು ಕೂತಳು.

“ಅದರಲ್ಲಿ ಮೂಗು ಕೂಡ ಕಾಣತ್ತಾ?”

“ಕಾಣತ್ತಮ್ಮ.”

ಅಮ್ಮ ಕಣ್ಣು ಮುಚ್ಚಿ, ಮಗಳ ಹಣೆಯ ಮೇಲೆ ಬೆರಳಿಟ್ಟಳು. ಬೆರಳು ಕತ್ತಲಲ್ಲಿ ತಡಕುವಂತೆ ಮೂಗಿನ ಮೇಲೆ ಇಳಿದು, ತುಟಿಯ ಬಳಿ ನಿಂತಿತು. ಅಮ್ಮ ತಡಕುತ್ತಿರುವುದು ತನ್ನ ಮುಖವನ್ನಲ್ಲ ಎಂದು ಗೊತ್ತಿದ್ದೂ ಅವಳು ಅಲುಗಾಡದೆ ಕೂತಳು.