ತೆಗೆಸಿಹಾಕಿದ ಹಾಸಿಗೆಗಳು

ಹೆರಿಗೆ ಆಸ್ಪತ್ರೆಯ ಗುಮಾಸ್ತೆ ಹದಿನೆಂಟು ವರ್ಷಗಳಿಂದ ಒಬ್ಬನ ಮೇಲೆ ಹಲ್ಲು ಮಸೆಯುತ್ತಿದ್ದಳು.

ಆಗ ಅವನು ಅಲ್ಲಿನ ಆಡಳಿತಾಧಿಕಾರಿ. ಮನೆಗೆ ಆರೇಳು ಮಕ್ಕಳಿದ್ದ ಕಾಲ ಹೋಯಿತು, ಈಗ ಎಲ್ಲರೂ ಎರಡಕ್ಕೆ ನಿಲ್ಲಿಸುತ್ತಾರೆ ಎಂದು ಅರವತ್ತು ಹಾಸಿಗೆಗಳಲ್ಲಿ ಮೂವತ್ತನ್ನು ತೆಗೆಸಿಹಾಕಿದ.

"ಬೇಡ ಸಾರ್," ಎಂದು ಅವಳು ಜನನ ದಾಖಲೆ ತೆರೆದು ತೋರಿಸಿದ್ದಳು. "ಆರೇಳು ಹೆರ್ತಿದ್ದಾಗ ಹುಟ್ಟಿದ ಹುಡುಗೀರು ಇನ್ನೂ ಶಾಲೇಲಿದ್ದಾರೆ. ನಾಳೆ ಅವರು ಎರಡೆರಡೇ ಹೆತ್ರೂ, ಹೆರೋರೇ ಅಷ್ಟು ಜನ ಇರ್ತಾರಲ್ಲ!"

"ನನಗೇ ಪಾಠ ಹೇಳೋಕೆ ಬಂದ್ಬಿಟ್ಲು," ಎಂದು ಎಲ್ಲರೆದುರು ನಕ್ಕು, ಅವಳನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಅಟ್ಟಿದ.

ಅವನು ನಿವೃತ್ತನಾದ ಮೇಲೆ ಅವಳು ಹಳೆಯ ಮೇಜಿಗೆ ಮರಳಿದಳು. ಹಾಸಿಗೆ ಹಂಚುವುದೂ ಅವಳ ಪಾಲಿಗೆ ಬಂತು. ಅಷ್ಟರಲ್ಲಿ ಆ ಹುಡುಗಿಯರೆಲ್ಲ ಬಸುರಿಯರಾಗಿ ಬರತೊಡಗಿದ್ದರು; ಪಡಸಾಲೆಯ ನೆಲದ ಮೇಲೂ ಕಾಲಿಡಲು ಜಾಗವಿರಲಿಲ್ಲ. ಒಂದು ಮಧ್ಯಾಹ್ನ ಅವನೇ ತುಂಬು ಬಸುರಿ ಮಗಳನ್ನು ಕರೆತಂದ.

"ಒಂದೇ ಒಂದು ಹಾಸಿಗೆ ಕೊಡಮ್ಮ."

"ಮುಂದೆ ಒಂಬತ್ತು ಜನ ಇದ್ದಾರೆ."

"ಹಳೇದನ್ನೆಲ್ಲ ಮನಸಲ್ಲಿ ಇಟ್ಕೋಬೇಡ."

"ಇಟ್ಕೊಂಡಿದ್ದೀನಿ. ಹಾಸಿಗೆ ತೆಗೆಸಿದ್ದು ಯಾರು ಅಂತ ಇವರಿಗೆಲ್ಲ ಹೇಳಿ. ಜೋರಾಗಿ."

ಅವನು ಹೇಳಿದ. ನೆಲದ ಮೇಲಿದ್ದ ಹೆಂಗಸರು ತಲೆಯೆತ್ತಿದರು. ಒಬ್ಬಳ ಅತ್ತೆ ನೆಟಿಕೆ ಮುರಿದು ಶಪಿಸಿದಳು. ಆದರೂ ಗುಮಾಸ್ತೆ ಸರದಿ ತಪ್ಪಿಸಲಿಲ್ಲ.

ಮಗಳು ಚಾಪೆಯ ಮೇಲೆಯೇ ಹೆತ್ತಳು. ತಾಯಿ, ಮಗು ಕ್ಷೇಮವಾಗಿದ್ದರು. ಅವಳು ನೋವಿನಿಂದ ಕೂಗಿದಾಗ ಗುಮಾಸ್ತೆಯ ಕರುಳು ಚುರ್ ಎಂದದ್ದು ನಿಜ. ಆದರೆ ಗೋಡೆಗೆ ಒರಗಿ ಬೆವರುತ್ತಿದ್ದ ಅಪ್ಪನ ಮುಖ ನೋಡಿ ಅವಳ ಹೊಟ್ಟೆ ತಣ್ಣಗಾಯಿತು.